ಹೆಬ್ಬಾಳದ ಮೂರು ಬಾಗಿಲುಗಳು

ದ್ವಿತೀಯ ಪಿ.ಯು. ಪರೀಕ್ಷೆಯೂ ಸಿ.ಇ.ಟಿ.ಯೂ ಮುಗಿದೊಡನೆ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಗೃಹಸ್ಥರು ಪ್ರತಿವರ್ಷವೂ ಒಂದೇ ಪ್ರಶ್ನೆಯನ್ನು ಹಿಡಿದು ತಿರುಗುವುದನ್ನು ನಾವು ಕಾಣುತ್ತಿದ್ದೇವೆ. ಮಕ್ಕಳನ್ನು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿಸತಕ್ಕದ್ದು? ಕೃಷಿವಿದ್ಯೆಯನ್ನು ಬಯಸುವವರ ಮಟ್ಟಿಗೆ ಈ ಪ್ರಶ್ನೆಯು ವಿಚಿತ್ರವಾದ ರೂಪವನ್ನು ತಾಳಿರುತ್ತದೆ. ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿಯೇ ಮೂರು ಸರ್ಕಾರಿ ವಿಶ್ವವಿದ್ಯಾನಿಲಯಗಳ ಕಾಲೇಜುಗಳಿವೆ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಕಾಲೇಜು ಬೆಂಗಳೂರಿನದೇ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಪದವಿಗೆ ಬೀಳುವುದು ಸುಮಾರು 700 ಕಿಲೋಮೀಟರು ದೂರದ ಬೀದರಿನ ಮೊಹರು, ಜಿ.ಕೆ.ವಿ.ಕೆ. ಅಂಚೆಯ ವಿಳಾಸವನ್ನೇ ಹೊತ್ತ ತೋಟಗಾರಿಕೆ ಕಾಲೇಜು ಬಾಗಲಕೋಟೆಗೆ ಸೇರಿದುದು. (2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಮೂರಾದಾಗ ‘ಬೆಂಗಳೂರು ಉತ್ತರ’ವೆಂಬ ಪಾಲಿಗೆ ಕೋಲಾರದಲ್ಲಿ ಕಚೇರಿಯನ್ನು ಕೊಟ್ಟ ಭೂಗೋಳಜ್ಞಾನವನ್ನು ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ.)

ಈ ನೆಲದ ಚರಿತ್ರೆಯನ್ನು ಸ್ವಲ್ಪ ಸ್ಮರಿಸಬೇಕು. 1899ರಲ್ಲಿ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಸಂಶೋಧನೆಗಾಗಿ ದಯಪಾಲಿಸಿದರು. ರಸಾಯನಶಾಸ್ತ್ರಜ್ಞ ಲೆಹ್ಮನ್ ಅವರಿಂದ ಆರಂಭವಾದ ಆ ಕಾರ್ಯವು 1946ರಲ್ಲಿ ಕಾಲೇಜಾಗಿ, 1964ರಲ್ಲಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಆಗ ಇಡೀ ರಾಜ್ಯಕ್ಕೆ ಅದೊಂದೇ. ಅನಂತರ 1986ರಲ್ಲಿ ಧಾರವಾಡವೂ, 2004ರ ಕಾಯಿದೆಯಿಂದ ಬೀದರೂ, 2008ರಲ್ಲಿ ರಾಯಚೂರು, ಬಾಗಲಕೋಟೆಗಳೂ, 2012ರಲ್ಲಿ ಶಿವಮೊಗ್ಗೆಯೂ ಬೇರೆಯಾದುವು. ಉತ್ತರದ ಸೀಮೆಗಳಿಗೆ ಅವುಗಳ ಪಾಲು ಸಲ್ಲತಕ್ಕದ್ದು ನ್ಯಾಯವೇ ಆಗಿತ್ತು. ಕಪ್ಪುನೆಲದ ಜೋಳ ಹತ್ತಿಗಳ ವಿಚಾರವನ್ನು ಹೆಬ್ಬಾಳದ ಕೆಂಪುಮಣ್ಣಿನಲ್ಲಿ ಕುಳಿತು ಇತ್ಯರ್ಥಪಡಿಸಲಾಗದು. ಆದರೆ ದನವನ್ನೂ ಹೊಲವನ್ನೂ ತೋಟವನ್ನೂ ಒಂದೇ ಬದುಕಾಗಿ ನಡೆಸುವ ರೈತನ ವಿದ್ಯೆಯನ್ನು ಮೂರು ಆಡಳಿತಗಳಿಗೆ ಹಂಚಿದುದು ಯಾರ ಅನುಕೂಲಕ್ಕೆಂಬುದು ನಮಗೆ ಈವರೆಗೂ ಬೋಧೆಯಾಗಿಲ್ಲ.

ಇನ್ನು ಆಯ್ಕೆಯ ಮಾತು. ರಾಜಧಾನಿಯ ವಿಳಾಸವನ್ನೇ ದೊಡ್ಡದೆಂದು ಎಣಿಸುವ ತಂದೆತಾಯಿಗಳಿಗೆ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಜಿ.ಪಿ.ಯು. 28 ಎಂಬ ರಾಗಿ ಜಿ.ಕೆ.ವಿ.ಕೆ.ಯಿಂದ ಹೊರಟು ಮನೆಮಾತಾದುದು ನಿಜ. ಆದರೆ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರಮ್ಮಿನ ಗದ್ದೆಬಯಲಿನಲ್ಲಿ. ಆದುದರಿಂದ ಕಾಲೇಜಿಗೆ ಹೋದವರು ಮೊದಲು ಕಟ್ಟಡವನ್ನಲ್ಲ, ಪ್ರಯೋಗದ ತಾಕುಗಳನ್ನು ನೋಡಬೇಕು. ಅಧ್ಯಾಪಕರ ಹುದ್ದೆಗಳೆಷ್ಟು ಖಾಲಿ, ವಿದ್ಯಾರ್ಥಿನಿಯರ ನಿಲಯದಲ್ಲಿ ಸ್ಥಳವುಂಟೇ, ಅಂತಿಮ ವರ್ಷದ ಗ್ರಾಮವಾಸವನ್ನು ಯಾವ ಹಳ್ಳಿಯಲ್ಲಿ ಹೇಗೆ ನಡೆಸುತ್ತಾರೆಂದು ಕೇಳಬೇಕು. ಹುಡುಗರು ಹಳ್ಳಿಯಲ್ಲಿ ತಂಗಿ ರೈತರೊಡನೆ ಕಲಿಯುವ ಆ ತಿಂಗಳುಗಳು ಇಲ್ಲಿ ಮುಖ್ಯವಾದುವು. ನಗರದಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಸಗಣಿಯ ವಾಸನೆಯ ಪರಿಚಯವಾಗುವುದೂ ಆಗಲೇ.

ನಿವಾಸದ ಸುಖವನ್ನು ಕೇಳುವವರಿಗೆ ಜಿ.ಕೆ.ವಿ.ಕೆ.ಯ ಸುಮಾರು 1300 ಎಕರೆಯ ಮರಗಿಡಗಳೂ, ವರ್ಷಾಂತ್ಯದ ಕೃಷಿಮೇಳವೂ ಸಾಕ್ಷಿ. ಇಂತಹ ಆವರಣವು ಬೆಂಗಳೂರಿನಲ್ಲಿ ಮತ್ತೆ ಹುಟ್ಟಲಾರದು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಈ ರಸ್ತೆಯ ಅಡಿ ಅಡಿ ನೆಲಕ್ಕೂ ಬೆಲೆ ಕಟ್ಟುವವರಿದ್ದಾರೆ. ಬಿತ್ತಿದ ಹೊಲವು ಅವರ ಕಣ್ಣಿಗೆ ಬರಿಯ ಖಾಲಿ ನಿವೇಶನ. ವಿಶ್ವವಿದ್ಯಾನಿಲಯವು ಒಡೆದಷ್ಟೂ ಈ ನೆಲಕ್ಕಾಗಿ ವಾದಿಸುವ ಕಂಠವು ಕ್ಷೀಣವಾಗುವುದೆಂಬುದನ್ನು ಅಧಿಕಾರಿವರ್ಗದವರು ಮರೆಯದಿರಲಿ.

ಒಡೆದುದನ್ನು ಪುನಃ ಕೂಡಿಸೆಂದು ನಾವು ಸರ್ಕಾರದವರನ್ನು ಕೇಳುತ್ತಿಲ್ಲ. ಅದು ಆಗತಕ್ಕ ಮಾತಲ್ಲವೆಂದು ಬಲ್ಲೆವು. ಕೇಳುವುದಿಷ್ಟೇ. ಹೆಬ್ಬಾಳದ ಪಶುವೈದ್ಯ ವಿದ್ಯಾರ್ಥಿಯು ಜಿ.ಕೆ.ವಿ.ಕೆ.ಯಲ್ಲಿ ಮೇವಿನ ಬೆಳೆಯ ಪಾಠವನ್ನು ಕೇಳಿದರೆ, ಕೃಷಿ ವಿದ್ಯಾರ್ಥಿಯು ಹೆಬ್ಬಾಳದಲ್ಲಿ ಹೈನಿನ ಪಾಠವನ್ನು ಓದಿದರೆ, ಅದು ಅವರ ಪದವಿಯ ಲೆಕ್ಕಕ್ಕೆ ಸೇರಲಿ. ಮೂರರ ಗ್ರಂಥಾಲಯಗಳೂ ಮೂರರ ವಿದ್ಯಾರ್ಥಿಗಳಿಗೆ ಒಂದೇ ಚೀಟಿಯ ಮೇಲೆ ತೆರೆಯಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಕಟ್ಟಡವೂ ಬೇಡ. ಮೂವರು ಕುಲಪತಿಗಳು ಹೆಬ್ಬಾಳದಲ್ಲಿ ಒಂದು ಅಪರಾಹ್ಣ ಕೂಡಿ ಕುಳಿತು ರುಜು ಹಾಕಿದರೆ ಮುಂದಿನ ಪ್ರವೇಶದ ಕಾಲಕ್ಕೆ ಜಾರಿಗೆ ಬರಬಹುದು.