ಮಾರಾಟವು ಶೋಧಕ್ಕೆ ಸಾಕ್ಷಿಯೆ?

ಒಂದು ಸರಕು ಲಕ್ಷಗಟ್ಟಲೆ ಮಾರಾಟವಾದ ಮಾತ್ರಕ್ಕೆ ಅದರಲ್ಲಿ ಹೊಸ ಶೋಧವುಂಟೆಂದು ಹೇಳಬಹುದೆ? ಪೇಟೆಂಟಿಗೆ ಕೇವಲ ಹೊಸತನ ಸಾಲದು. ಆ ಕಸಬನ್ನು ಬಲ್ಲವನಿಗೆ ತಾನಾಗಿ ಹೊಳೆಯುವಂಥದೂ ಆಗಿರಕೂಡದು. ಆದರೆ ಒಮ್ಮೆ ಕಂಡುಹಿಡಿದ ಮೇಲೆ ಎಲ್ಲವೂ ಸುಲಭವಾಗಿಯೇ ತೋರುತ್ತದೆಯಷ್ಟೆ! ಆದುದರಿಂದಲೇ ಮೇಲ್ಮನವಿಗಳಲ್ಲಿ ವ್ಯಾಪಾರದ ಲೆಕ್ಕವನ್ನು ಸಾಕ್ಷ್ಯವಾಗಿ ಮುಂದಿಡುತ್ತಾರೆ.

ಟಾರ್ಚಿನ ಶುಷ್ಕಕೋಶವನ್ನು ನೋಡೋಣ. ಅದರ ಸತುವಿನ ಡಬ್ಬಿಯೇ ಋಣಧ್ರುವ. ವಿದ್ಯುತ್ತನ್ನು ಕೊಡುತ್ತ ಕೊಡುತ್ತ ಸತು ಸವೆದು ತೂತು ಬೀಳುತ್ತದೆ. ಒಳಗಿನ ದ್ರವ ಒಸರಿ ಟಾರ್ಚನ್ನೇ ಕೆಡಿಸುತ್ತದೆ. ಅಮೆರಿಕದ ರೇ-ಓ-ವ್ಯಾಕ್ ಕಂಪನಿಯ ಕೋಶದಲ್ಲಿ ಸತುವಿನ ಸುತ್ತ ನಿರೋಧಕ ಹೊದಿಕೆ, ಅದರ ಹೊರಗೆ ಎರಡು ತುದಿಗಳನ್ನೂ ಬಿಗಿಹಿಡಿದ ಉಕ್ಕಿನ ಕವಚ, ಇಷ್ಟೆ. ಇದರಲ್ಲೇನು ಶೋಧವೆಂದು ಗುಡ್‌ಇಯರ್ ಕಂಪನಿ ವಾದಿಸಿತು. 1944ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪೇಟೆಂಟನ್ನು ಎತ್ತಿಹಿಡಿಯಿತು. ಅರ್ಧ ಶತಮಾನದ ಕಾಲ ದೋಷ ತಿಳಿದಿದ್ದರೂ ಯಾರೂ ಅದನ್ನು ನೀಗಿಸಿರಲಿಲ್ಲ. ಪರಿಹಾರ ದೊರೆತೊಡನೆ ಜನ ಕೊಂಡರು. ತಕ್ಕಡಿ ಸಮನಾಗಿ ನಿಂತಾಗ ಈ ಸಂಗತಿಯು ಅದನ್ನು ವಾಲಿಸಬಲ್ಲದೆಂಬುದು ತೀರ್ಪು. ನ್ಯಾಯಮೂರ್ತಿ ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ.

1966ರಲ್ಲಿ ಅದೇ ನ್ಯಾಯಾಲಯದ ಮುಂದೆ ಕೀಟನಾಶಕ ಸಿಂಪಡಿಸುವ ಬುರುಡೆಯೊಂದರ ಮುಚ್ಚಳ ಬಂದಿತು. ಅದೂ ಚೆನ್ನಾಗಿ ಮಾರಾಟವಾಗಿತ್ತು. ಆದರೆ ಹಿಂದಿನ ಪೇಟೆಂಟುಗಳಿಗೂ ಅದಕ್ಕೂ ಇದ್ದ ಅಂತರ ತೀರ ಕಿರಿದಾಗಿದ್ದುದರಿಂದ ತಕ್ಕಡಿ ವಾಲಲಿಲ್ಲ.

ಈ ಎಚ್ಚರಿಕೆ ಸರಿಯೆಂದೇ ನಮ್ಮ ಅಭಿಪ್ರಾಯ. ಮಾರಾಟವೆಂಬುದು ಹಲವು ಬಲಗಳ ಫಲಿತಬಲ. ಬೆಲೆ, ಜಾಹೀರಾತು, ಕಂಪನಿಯ ಹೆಸರು ಎಲ್ಲವೂ ಅದನ್ನು ಎಳೆಯುತ್ತವೆ. ತಂತಿಯ ಉದ್ದಕ್ಕೂ ರೋಧಕ್ಕೂ ಇರುವ ಸಂಬಂಧವನ್ನು ಅಳೆಯುವಾಗ ದಪ್ಪವನ್ನೂ ಉಷ್ಣತೆಯನ್ನೂ ನಾವು ಬದಲಿಸುವುದಿಲ್ಲವಲ್ಲವೆ? ಹಾಗೆಯೇ ಹಳೆಯ ಕೋಶವೂ ಹೊಸ ಕೋಶವೂ ಒಂದೇ ಬೆಲೆಗೆ, ಒಂದೇ ಅಂಗಡಿಯಲ್ಲಿ ದೊರೆತಾಗ ಗಿರಾಕಿ ಯಾವುದನ್ನು ಆರಿಸಿದನೆಂದು ಕೇಳಬೇಕು. ಇಡೀ ಪೇಟೆಯೇ ಬೆಳೆಯುತ್ತಿದ್ದರೆ ಮಾರಾಟದ ಅಂಕಿ ಮಾತ್ರ ಸಾಲದು, ಪೇಟೆಯಲ್ಲಿ ಆ ಸರಕಿನ ಪಾಲೂ ಹೆಚ್ಚಿರಬೇಕು. ಎದುರಾಳಿಗಳ ಐವತ್ತು ವರ್ಷಗಳ ಸೋಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದು ನಮಗೆ ತೋರುತ್ತದೆ. ಅದನ್ನು ಹಣ ಕೊಟ್ಟು ಕೊಳ್ಳಲಾಗದು.

ಇನ್ನೊಂದು ಮಾತು. ಮಾರಾಟವಿಲ್ಲದಿರುವುದನ್ನು ಶೋಧಕನ ವಿರುದ್ಧ ಎಣಿಸಬಾರದು. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಒಣ ವಿಧಾನದಿಂದ ಮೊದಲ ನಕಲು ತೆಗೆದರು. 1942ರಲ್ಲಿ ಮೂಲ ಪೇಟೆಂಟು ದೊರೆಯಿತು. ಅನೇಕ ಕಂಪನಿಗಳು ಅವರನ್ನು ಹಿಂದಕ್ಕೆ ಕಳುಹಿಸಿದ್ದವು. ಅಪಾರವಾಗಿ ಬಳಕೆಗೆ ಬಂದ ಜೆರಾಕ್ಸ್ 914 ಯಂತ್ರ ಪ್ರಕಟವಾದದ್ದು 1959ರಲ್ಲಿ. ಆ ಪೇಟೆಂಟಿನ 17 ವರ್ಷಗಳ ಅವಧಿ ಮುಗಿದದ್ದೂ ಅದೇ ವರ್ಷ.