ಅಟ್ಟದ ಮೇಲಿನ ಆಸ್ತಿ



ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಅದು ತಯಾರಾದದ್ದು ಹೊರನಾಡಾದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಅದರಲ್ಲಿ ಆಡಿದ ಮಾತು ನಮ್ಮ ಮಕ್ಕಳ ಕಿವಿಗೆ ಬೀಳುವಂತಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬಲುಬೇಗ ಹೊತ್ತಿಕೊಳ್ಳುವಂಥದು. ಬೆಳ್ಳಿಯ ಆಸೆಗೆ ಹಳೆಯ ಚಿತ್ರಗಳನ್ನು ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ.

ಹೋದದ್ದು ಹೋಯಿತು. ನಿಮ್ಮ ಅಟ್ಟದ ಟ್ರಂಕಿನಲ್ಲಿ ಅಜ್ಜ ಥಿಯೇಟರಿನಲ್ಲಿ ಕೊಂಡ ಹಾಡಿನ ಪುಸ್ತಕವೋ ಕರಪತ್ರವೋ ಇದ್ದೀತು. ಚಿತ್ರವೇ ಇಲ್ಲದಾಗ ಆ ಹಾಳೆಯೇ ಸಾಕ್ಷಿ. ರದ್ದಿಯವನಿಗೆ ತೂಗಿಕೊಡುವ ಮುನ್ನ ಮನೆಯ ಹಿರಿಯರನ್ನು ಕೇಳಿ, ಹೆಸರು, ಇಸವಿ ಬರೆದಿಡಿ. ಈ ಹಬ್ಬದ ಧೂಳು ಹೊಡೆಯುವಾಗಲೇ ಆಗಲಿ, ಅಲ್ಲವೆ?