ಯಾರ ಒಲೆಯ ಮಸಿ?

ಹಬ್ಬದ ಹಿಂದಿನ ದಿನ ಮನೆ ಗುಡಿಸಿ ತೊಳೆಯುವುದು ನಮಗೆಲ್ಲ ರೂಢಿ. ನಮ್ಮ ಬಡಾವಣೆಯ ಹೆಂಗಸರಿಗೆ ಮಾತ್ರ ವರ್ಷದ ಎಲ್ಲಾ ದಿನವೂ ಹಬ್ಬದ ಹಿಂದಿನ ದಿನವೇ. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಹೊಸಿಲಿನ ಮೇಲೆ ಕಪ್ಪು ಪುಡಿ. ಬೆರಳಿಂದ ಸವರಿದರೆ ಕಾಡಿಗೆಯಂತೆ ಹತ್ತುತ್ತದೆ, ಆದರೆ ಕಾಡಿಗೆಯ ನುಣುಪಿಲ್ಲ, ಮರಳಿನಂತೆ ಕಿರಿಕಿರಿ. ತುಳಸಿಯ ಎಲೆಯ ಮೇಲೆ ಅದೇ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಅದೇ. ರಾತ್ರಿ ಮರೆತು ಹೊರಗೆ ಬಿಟ್ಟ ಬಿಳಿ ಪಂಚೆಯನ್ನು ಮತ್ತೆ ಯಜಮಾನರು ಉಡುವ ಹಾಗಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವುದನ್ನು ಬಿಟ್ಟು ನಾಲ್ಕು ಬೇಸಿಗೆ ಕಳೆದವು.

ನಮ್ಮದು ಬಳ್ಳಾರಿ–ಕೊಪ್ಪಳ ಸೀಮೆಯ ಒಂದು ಊರು. ನಾವು ಸೈಟು ಕೊಂಡಾಗ ಆಚೆಗೆಲ್ಲ ಜೋಳದ ಹೊಲ. ಅದಿರಿನ ಅಬ್ಬರದ ವರ್ಷಗಳಲ್ಲಿ ಈ ಸೀಮೆಯಲ್ಲಿ ಸ್ಪಾಂಜ್ ಐರನ್ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಅಂಥದ್ದೊಂದು ನಮ್ಮ ಬೆನ್ನಿಗೂ ಬಂತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ಜಗಳ ಒಂದು ಬೋರ್ಡಿನ ಜೊತೆಗಲ್ಲ.

ನನ್ನ ಜಗಳ ಒಂದು ಶಬ್ದದ ಜೊತೆಗೆ. “ಒರೆಸ್ಕೊಳ್ರೀ” ಎಂಬ ಶಬ್ದ.

ಮೊದಲು ಹೇಳಿದವರು ನಮ್ಮವರೇ. “ಧೂಳು ತಾನೆ, ಒರೆಸಿದರಾಯಿತು.” ಆಮೇಲೆ ವಾರ್ಡಿನ ಸದಸ್ಯರು. ಕೊನೆಗೆ ನಾವು ಆರು ಮಂದಿ ಹೆಂಗಸರು ಅರ್ಜಿ ಹಿಡಿದು ಹೋದ ಕಚೇರಿಯ ಸಾಹೇಬರು. ಅವರು ನಮ್ಮನ್ನು ಕೂರಿಸಿ ಚಹಾ ತರಿಸಿದರು, ಅದು ನಿಜ. ಅರ್ಜಿ ಓದಿ, “ಅಮ್ಮಾ, ಕಿಟಕಿ ಹಾಕಿಕೊಂಡರೆ ಅರ್ಧ ಸಮಸ್ಯೆ ಹೋಗ್ತದಲ್ಲ?” ಎಂದರು. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ, ಕಿಟಕಿ ಹಾಕಿಕೊಂಡು ಮಲಗಿ ನೋಡಬೇಕು ಅವರು.

ನೋಡಿ, ಇಲ್ಲಿ ಒಂದು ಲೆಕ್ಕ ಅಡಗಿದೆ. ಆ ಕಾರ್ಖಾನೆಯಲ್ಲಿ ಅದಿರು, ಕಲ್ಲಿದ್ದಲು, ಡೋಲೋಮೈಟನ್ನು ಉದ್ದನೆಯ ಉರುಳುವ ಕೊಳವೆಯಂಥ ಕುಲುಮೆಗೆ ಹಾಕಿ ಸುಮಾರು 1000 ಡಿಗ್ರಿ ಶಾಖದಲ್ಲಿ ಕಾಯಿಸುತ್ತಾರೆ. ಹೊರಡುವ ಹೊಗೆಯಲ್ಲಿ ಧೂಳು ತುಂಬಿರುತ್ತದೆ. ಅದನ್ನು ಹಿಡಿಯಲು ಯಂತ್ರವಿದೆ: ಧೂಳಿನ ಕಣಗಳಿಗೆ ವಿದ್ಯುತ್ತು ಹಾಯಿಸಿ ಲೋಹದ ತಟ್ಟೆಗಳಿಗೆ ಅಂಟಿಸಿಕೊಳ್ಳುವ ಯಂತ್ರ. ಯಂತ್ರವೇನೋ ಒಳ್ಳೆಯದೇ. ಆದರೆ ಅದಕ್ಕೆ ಕರೆಂಟು ಬೇಕು, ದುರಸ್ತಿ ಬೇಕು, ನೋಡಿಕೊಳ್ಳುವ ಆಳು ಬೇಕು. ಅದು ನಿಂತರೂ ಕುಲುಮೆ ನಿಲ್ಲುವುದಿಲ್ಲ. ಹೊಗೆ ತನ್ನ ದಾರಿ ತಾನು ಹುಡುಕಿಕೊಂಡು ಮೇಲೆ ಹೋಗುತ್ತದೆ, ಅಲ್ಲಿಂದ ನಮ್ಮ ಮಾಳಿಗೆಗೆ ಇಳಿಯುತ್ತದೆ. ಅಲ್ಲಿ ಉಳಿದ ಹಣ ಮಾಲೀಕರ ಜೇಬಿಗೆ. ಇಲ್ಲಿ ಹಿಡಿದ ಪೊರಕೆ ನನ್ನ ಕೈಗೆ. ದಿನಕ್ಕೆ ಎರಡು ಸಲ ಗುಡಿಸಿ, ಎರಡು ಸಲ ಒರೆಸಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದು, ಆ ಕಾರ್ಖಾನೆಯಲ್ಲಿ ನಾನು ಸಂಬಳವಿಲ್ಲದ ನೌಕರಿ ಮಾಡುತ್ತಿದ್ದೇನೆ. ಮಸ್ಟರ್ ರೋಲಿನಲ್ಲಿ ಹೆಸರಿಲ್ಲ, ಅಷ್ಟೆ. ಕೂಲಿ ಕೇಳಿದರೆ ನಗುತ್ತಾರೆ. ಹೆಂಗಸಿನ ಪೊರಕೆಗೆ ಯಾವ ಕಾಲದಲ್ಲಿ ಕೂಲಿ ಇತ್ತು?

ಹೋಗಲಿ, ಒರೆಸಿದರೆ ಹೋಗುವುದಾದರೂ ಎಷ್ಟು? ಬಟ್ಟೆಗೆ ಸಿಗುವುದು ದಪ್ಪ ಧೂಳು. ಸಿಗದಿರುವುದು ಸಣ್ಣದು. ಪಿ.ಎಂ. 2.5 ಎನ್ನುತ್ತಾರಲ್ಲ, ನಮ್ಮ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಅದು ಕಣ್ಣಿಗೆ ಕಾಣದು, ಮೂಗಿನಲ್ಲಿ ನಿಲ್ಲದು, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಒರೆಸಲು ಯಾವ ಬಟ್ಟೆ ತರೋಣ? ನಮ್ಮ ದೇಶ 2009ರಲ್ಲಿ ಮಾಡಿಕೊಂಡ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಈ ಸಣ್ಣ ಕಣ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಮ್ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಮ್ಮ ಶ್ವಾಸಕೋಶ ಅವರದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಎಂದು ಯಾರು ಪರೀಕ್ಷೆ ಮಾಡಿದರೋ ಕಾಣೆ. ಹೊಳೆಯುವ ನೆಲ ನೋಡಿ ಮನೆ ಶುಚಿಯಾಯಿತು ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತೇವೆ. ಪಕ್ಕದ ಕೋಣೆಯಲ್ಲಿ ಮೊಮ್ಮಗಳ ಎದೆ ಪೀಪಿಯಂತೆ ಉಲಿಯುತ್ತಿರುತ್ತದೆ.

ಹೊಗೆ ಸಹಿಸುವುದು ಹೆಂಗಸಿನ ಗುಣ ಎಂದು ನಮಗೆ ಕಲಿಸಿದ್ದು ಇಂದು ನಿನ್ನೆಯಲ್ಲ. ನನ್ನ ತಾಯಿ ಹಸಿ ಸೌದೆಯ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವಳು. ಆಗಲೂ ಅದು ಅವಳ ಹಣೆಬರಹವಾಗಿತ್ತೇ ಹೊರತು ಒಲೆಯ ದೋಷವಾಗಿರಲಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿದ ಮೇಲೆ ತಾನೆ, ದೋಷ ಒಲೆಯದು, ಅದನ್ನು ತಿದ್ದಬಹುದು ಎಂದು ಹಳ್ಳಿಯ ಮನೆಗಳಿಗೆ ಗೊತ್ತಾದದ್ದು? ಈಗ ನಮ್ಮ ಅಡುಗೆಮನೆಗೆ ಗ್ಯಾಸ್ ಬಂದಿದೆ. ಊರಿನ ಹೊರಗೆ ಮತ್ತೊಬ್ಬರ ಒಲೆ ಉರಿಯುತ್ತಿದೆ. ಅವರ ಒಲೆಯ ಮಸಿ ನಾವು ತೆಗೆಯಬೇಕಂತೆ.

“ಹಾಗಾದರೆ ಕಾರ್ಖಾನೆ ಮುಚ್ಚಬೇಕೇನು, ಹುಡುಗರ ಅನ್ನಕ್ಕೆ ಏನು ಮಾಡ್ತೀರಿ?” ಈ ಪ್ರಶ್ನೆ ಕೇಳುವವರಿಗೆ ನಾನು ಸಿಟ್ಟಿನಿಂದ ಉತ್ತರಿಸಲಾರೆ. ನಮ್ಮ ಎದುರುಮನೆಯ ಗೃಹಿಣಿಯ ಗಂಡ ಅಲ್ಲೇ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಅವಳ ಮನೆಯ ಅಕ್ಕಿ ಅಲ್ಲಿಂದಲೇ ಬರಬೇಕು. ಆದರೆ ಮುಚ್ಚಿ ಎಂದು ನಾವು ಕೇಳಿದ್ದು ಯಾವಾಗ? ಹಗಲು ನಡೆಯುವ ಯಂತ್ರ ರಾತ್ರಿಯೂ ನಡೆಯಲಿ ಎಂದೆವು. ನಿಜ ಹೇಳಬೇಕೆಂದರೆ ಆ ಯಂತ್ರ ನಡೆಸಲು ಇನ್ನೂ ನಾಲ್ಕು ಜನಕ್ಕೆ ಕೆಲಸ ಕೊಡಬೇಕಾದೀತು. ಅನ್ನವೋ ಉಸಿರೋ ಆರಿಸಿಕೊಳ್ಳಿ ಎಂದು ಬಡವರ ಮುಂದೆ ಮಾತ್ರ ಯಾಕೆ ಇಡುತ್ತಾರೆ? ಮಾಲೀಕರ ಮನೆ ಈ ಗಾಳಿ ಬೀಸುವ ದಿಕ್ಕಿನಲ್ಲಿಲ್ಲ.

ಕಾನೂನು ಇಲ್ಲವೆಂದಲ್ಲ. ವಾಯು ಮಾಲಿನ್ಯ ತಡೆ ಕಾಯಿದೆ ಬಂದದ್ದು 1981ರಲ್ಲಿ. ಸ್ಪಾಂಜ್ ಐರನ್ ಸರ್ಕಾರದ ಪಟ್ಟಿಯಲ್ಲೇ ಕೆಂಪು ವರ್ಗದ ಉದ್ಯಮ. ಶುದ್ಧ ಗಾಳಿ, ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. 2010ರಲ್ಲಿ ಹಸಿರು ನ್ಯಾಯಮಂಡಳಿ ಕಾಯಿದೆಯೂ ಆಯಿತು. ಇಷ್ಟೆಲ್ಲ ಇದ್ದೂ ನಮ್ಮಲ್ಲಿಗೆ ತನಿಖೆಗೆ ಬಂದವರು ಬೆಳಗ್ಗೆ ಹನ್ನೊಂದಕ್ಕೆ ಬಂದರು. ಚಿಮಣಿ ಮಗುವಿನ ಬಾಯಿಯಷ್ಟು ಚೊಕ್ಕ. “ಏನೂ ಇಲ್ಲವಲ್ಲಮ್ಮ” ಎಂದು ಹೋದರು. ಹೊಗೆ ಬಿಡುವುದು ನಡುರಾತ್ರಿಯ ಮೇಲೆ. ಕಳ್ಳನನ್ನು ಹಿಡಿಯಲು ಯಾರಾದರೂ ಹಗಲು ಹೊತ್ತು ಗಸ್ತು ತಿರುಗುತ್ತಾರೆಯೇ?

2025ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಂದ್ ಆಯಿತು. ಊರಿಗೆ ಅಂಟಿಕೊಂಡಂತೆ ಉಕ್ಕಿನ ಕಾರ್ಖಾನೆ ಬೆಳೆಯುವುದು ಬೇಡವೆಂದು ಗವಿಮಠದ ಸ್ವಾಮಿಗಳ ಜೊತೆ ಸಾವಿರಾರು ಜನ ಬೀದಿಗಿಳಿದರು. ಅದನ್ನು ಟಿ.ವಿ.ಯಲ್ಲಿ ನೋಡುತ್ತಾ ನನಗೆ ಭೋಪಾಲಿನ ಇಬ್ಬರು ಹೆಂಗಸರು ನೆನಪಾದರು, ರಶೀದಾ ಬಿ ಮತ್ತು ಚಂಪಾದೇವಿ ಶುಕ್ಲಾ. 1984ರ ಡಿಸೆಂಬರಿನ ಆ ರಾತ್ರಿಯ ವಿಷಾನಿಲದಿಂದ ಬದುಕುಳಿದವರು. ಒಬ್ಬಳು ಮುಸ್ಲಿಮಳು, ಒಬ್ಬಳು ಹಿಂದೂ. ಮನೆಯಿಂದ ಆಚೆ ಹೋಗಿ ಗೊತ್ತಿರದ ರಶೀದಾ, 1989ರಲ್ಲಿ ಚಂಪಾದೇವಿ ಮತ್ತು ಇತರ ಸಂತ್ರಸ್ತ ಹೆಂಗಸರ ಜೊತೆ ಭೋಪಾಲಿನಿಂದ ದೆಹಲಿಯವರೆಗೆ ನಡೆದಳು. ಆ ಕಾರ್ಖಾನೆಯ ಕಂಪನಿಯನ್ನು ಕೊಂಡ ಡೌ ಕಂಪನಿಯ ಅಧಿಕಾರಿಗಳಿಗೆ ಇವರು ಮುಂದೆ ಕೊಟ್ಟದ್ದೇನು ಗೊತ್ತೇ? ಪೊರಕೆ. “ಝಾಡೂ ಮಾರೋ ಡೌ ಕೋ” ಎಂದು ಅದಕ್ಕೆ ಹೆಸರು. ನೀವೇ ಗುಡಿಸಿ ಎಂದು. 2004ರಲ್ಲಿ ಇಬ್ಬರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ನಮಗೆ ಅಷ್ಟು ದೂರ ನಡೆಯುವ ಕಾಲಿಲ್ಲ, ಮಂಡಿ ನೋವಿನವರೇ ಹೆಚ್ಚು. ಆದರೆ ಒರೆಸುವ ಮುಂಚೆ ಬರೆಯುತ್ತಿದ್ದೇವೆ. ಆರು ಮನೆಯ ಮಾಳಿಗೆಯ ಮೇಲೆ ಆರು ಬಿಳಿ ಪಿಂಗಾಣಿ ತಟ್ಟೆ. ರಾತ್ರಿ ಇಡುವುದು, ಬೆಳಗ್ಗೆ ತೆಗೆದು ಪಟ ಹಿಡಿಯುವುದು, ತಾರೀಖು ಹಾಕುವುದು. ನಿದ್ದೆ ಬಾರದವರು, ಅಂದರೆ ಮಗು ಕೆಮ್ಮುವ ಮನೆಯವರು, ಹೊಗೆ ಕಂಡ ವೇಳೆಯನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುವುದು. ಅದರ ಪ್ರತಿಯನ್ನೇ ಈ ಸಲದ ಅರ್ಜಿಗೆ ಲಗತ್ತಿಸಿದ್ದೇವೆ, ರಾತ್ರಿ ಎರಡು ಗಂಟೆಗೆ ತನಿಖೆಗೆ ಬನ್ನಿ, ಚಹಾ ನಾವು ಕೊಡುತ್ತೇವೆ ಎಂದು ಬರೆದು. ಉತ್ತರ ಇನ್ನೂ ಬಂದಿಲ್ಲ.

ಎದುರುಮನೆಯವಳು ಅರ್ಜಿಗೆ ಸಹಿ ಹಾಕಲಿಲ್ಲ. ಹಾಕು ಎಂದು ನಾವೂ ಒತ್ತಾಯಿಸಲಿಲ್ಲ. ಮೊನ್ನೆ ಬೆಳಗ್ಗೆ ರಂಗೋಲಿ ಹಾಕುತ್ತಿದ್ದಾಗ ಹಿಟ್ಟಿನ ಬಟ್ಟಲು ಕೇಳುವ ನೆಪದಲ್ಲಿ ಬಂದಳು. ಮಡಚಿದ ಬಸ್ ಟಿಕೆಟ್ ಒಂದನ್ನು ಕೈಗಿಟ್ಟಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: “ಮಂಗಳವಾರ 2.20ರಿಂದ 4.10. ಗುರುವಾರ 1.45ರಿಂದ.” ಗುರುವಾರ ಮುಗಿದದ್ದು ಎಷ್ಟಕ್ಕೆ ಎಂದು ಕೇಳಿದೆ. “ಅಷ್ಟೊತ್ತಿಗೆ ಮಗೂಗೆ ನೆಬ್ಯುಲೈಜರ್ ಹಾಕಾಕತ್ತಿದ್ದೆರೀ, ನೋಡಲಿಲ್ಲ” ಎಂದಳು.